ಮೇಲುಕೋಟೆಯ ಬೆಟ್ಟಗಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ಮೇಲುಕೋಟೆಗೆ ಹೋಗಿ ಬಂದೆ ಎಂದರೆ ಮೈಸೂರಿನಲ್ಲಿ ಯಾರೂ ತೋಳ ಕಂಡಿತೇ ಎಂದು ಕೇಳುವುದಿಲ್ಲ. ಪುಳಿಯೋಗರೆ ಗೊಜ್ಜು ತಂದಿರಾ ಎಂದು ಕೇಳುತ್ತಾರೆ. ತಂದಿರುತ್ತೇನೆ, ಅದು ಬೇರೆ ಮಾತು. ಆದರೆ ಹಲವು ವರ್ಷಗಳಿಂದ ಭಾನುವಾರಗಳಂದು ದೇವಸ್ಥಾನದ ಬೆನ್ನಿಗಿರುವ ಬಂಡೆ, ಹುಲ್ಲು, ಕುರುಚಲು ಪೊದೆಗಳ ನಡುವೆ ಅಲೆಯುತ್ತಿರುವುದರಿಂದ ಗೆಳೆಯರು, ನೆಂಟರು, ಅವರ ಮಕ್ಕಳು ಒಂದೇ ಬಗೆಯ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ.

ಮೇಲುಕೋಟೆಯಲ್ಲಿ ಅಭಯಾರಣ್ಯ ಇದೆಯೇ? ನಾವು ನೋಡಿಯೇ ಇಲ್ಲವಲ್ಲ.

ನೋಡಿದ್ದೀರಿ. ಅಭಯಾರಣ್ಯ ಎಂದು ಅನ್ನಿಸಿಲ್ಲ, ಅಷ್ಟೇ. ಜಕ್ಕನಹಳ್ಳಿ ಕಡೆಯಿಂದ ಬಸ್ಸು ಏದುಸಿರು ಬಿಡುತ್ತಾ ಮೇಲೇರುವಾಗ ಕಿಟಕಿಯಾಚೆ ಕಾಣುವ ಬೋಳು ಗುಡ್ಡಗಳು, ಅವುಗಳ ಹಿಂದೆ ಸಾಲಾಗಿ ನಿಂತ ಇನ್ನಷ್ಟು ಗುಡ್ಡಗಳು, ಅದೇ ಸೀಮೆ. 1974ರಲ್ಲಿ ಇದನ್ನು ವನ್ಯಜೀವಿ ಧಾಮವೆಂದು ಘೋಷಿಸಿದರು. ವಿಸ್ತೀರ್ಣ 49.82 ಚದರ ಕಿಲೋಮೀಟರ್. ಒಂದೇ ಅಖಂಡ ತುಂಡಲ್ಲ. ಮುಡಿಬೆಟ್ಟ, ನಾರಾಯಣದುರ್ಗ ಎಂದೆಲ್ಲ ಹೆಸರಿರುವ ಕಾಡಿನ ಭಾಗಗಳು ಪಾಂಡವಪುರ, ಕೆ.ಆರ್. ಪೇಟೆ ತಾಲ್ಲೂಕುಗಳ ಕಡೆ ಹರಡಿಕೊಂಡಿವೆ, ನಡುನಡುವೆ ಊರು, ಹೊಲ, ರಸ್ತೆ. ಬಂಡೀಪುರ, ನಾಗರಹೊಳೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದರೆ ನಿರಾಸೆ ಖಂಡಿತ. ಇಲ್ಲಿ ಸಫಾರಿ ಜೀಪಿಲ್ಲ, ಆನೆಯಿಲ್ಲ, ಹುಲಿಯಿಲ್ಲ. ಈ ಧಾಮವನ್ನು ಮಾಡಿದ್ದೇ ಮುಖ್ಯವಾಗಿ ತೋಳಕ್ಕಾಗಿ.

ಎಷ್ಟು ಎತ್ತರ? ಚಳಿ ಇರುತ್ತದೆಯೇ?

ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ. ಮೈಸೂರು ನಗರ ಸುಮಾರು 760 ಮೀಟರಿನಲ್ಲಿದೆ. ವ್ಯತ್ಯಾಸ ದೊಡ್ಡದೇನಲ್ಲ, ಆದರೆ ಗಾಳಿಗೆ ಅಡ್ಡವಿಲ್ಲ. ಧನುರ್ಮಾಸದ ಬೆಳಗಿನ ಜಾವ ಯೋಗನರಸಿಂಹನ ಬೆಟ್ಟದ ಮೆಟ್ಟಿಲ ಮೇಲೆ ನಿಂತರೆ ಸ್ವೆಟರ್ ತರದೆ ಬಂದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಷಾಢದ ಗಾಳಿ ಇನ್ನೂ ಜೋರು. ಛತ್ರಿ ತರಬೇಡಿ, ಅದು ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ.

ಇದನ್ನು ಕಾಡು ಎನ್ನಬಹುದೇ? ಮರಗಳೇ ಇಲ್ಲ.

ಅತಿ ಹೆಚ್ಚು ಬಾರಿ ಕೇಳಿರುವ ಪ್ರಶ್ನೆ ಇದು. ಕೇಳುವಾಗಲೇ ದನಿಯಲ್ಲಿ ಸ್ವಲ್ಪ ಕನಿಕರವೂ ಇರುತ್ತದೆ, ಬೆಟ್ಟಕ್ಕೆ ಏನೋ ಕಾಯಿಲೆ ಬಂದಿದೆ ಎಂಬಂತೆ.

ಮಂಡ್ಯ ಎಂದರೆ ಹೊರಗಿನವರಿಗೆ ಕಬ್ಬು, ಭತ್ತ, ನಾಲೆ. ಆ ಮಂಡ್ಯ ಹುಟ್ಟಿ ನೂರು ವರ್ಷವೂ ಆಗಿಲ್ಲ. 1930ರ ದಶಕದ ಆರಂಭದಲ್ಲಿ ಕನ್ನಂಬಾಡಿ ಕಟ್ಟೆ ಮುಗಿದು ನಾಲೆಯಲ್ಲಿ ನೀರು ಹರಿದಿತು, 1933ರಲ್ಲಿ ಸಕ್ಕರೆ ಕಂಪನಿ ಬಂತು, 1939ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯೇ ಆಯಿತು. ಅದಕ್ಕೂ ಮೊದಲಿದ್ದದ್ದು ರಾಗಿ, ಹುರುಳಿ, ಕೆರೆ, ಕುರಿಯ ಸೀಮೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದೂ ಮುಂಗಾರು ಕೈಕೊಟ್ಟರೆ ಹಸ್ತಾ–ಚಿತ್ತಾ ಮಳೆಗಳ ಮೇಲೆ ಆಸೆ ಇಟ್ಟುಕೊಂಡು ಕೂರುವ ಲೆಕ್ಕ. ನಾಲೆಯ ನೀರು ಹತ್ತಲಾರದ ಎತ್ತರದಲ್ಲಿ ಆ ಹಳೆಯ ಮಂಡ್ಯ ಉಳಿದುಕೊಂಡಿದೆ. ಮೇಲುಕೋಟೆಯ ಬೆಟ್ಟಸಾಲು ಅದರ ಒಂದು ತುಣುಕು.

ಇಂಥ ಕಡೆ, ಅಂಗೈ ಆಳದ ಮಣ್ಣಿನ ಮೇಲೆ ಬೆಳೆಯುವುದು ಹುಲ್ಲು ಮತ್ತು ಕುರುಚಲು. ಕಗ್ಗಲಿ, ಜಾಲಿ, ಎಲಚಿ, ಕವಳೆ, ತಂಗಡಿ, ಬಂದರೆ ಎಂಬ ಗಿಡಗಳು. ಬಂಡೆಗಳ ಸಂದಿಯಲ್ಲಿ ಸ್ವಲ್ಪ ಮಣ್ಣು ಹೆಚ್ಚಿದ್ದ ಕಡೆ ದಿಂಡಿಗ, ಮುತ್ತುಗ. ಚೈತ್ರದಲ್ಲಿ ಬಂದರೆ ಇವೆಲ್ಲ ಸತ್ತಂತೆ ಕಾಣುತ್ತವೆ. ಎರಡು ಮಳೆ ಬಿದ್ದ ಹತ್ತು ದಿನಕ್ಕೆ ಮತ್ತೆ ಬನ್ನಿ. ಅದೇ ಜಾಗ ಎಂದು ನಂಬುವುದು ಕಷ್ಟ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ಈ ಬೆಟ್ಟದ ವಿಷಯದಲ್ಲಿ ಗಾದೆ ತಿರುವುಮುರುವು. ದೂರದಿಂದ ಬೋಳು, ಹತ್ತಿರ ಹೋಗಿ ಮಂಡಿಯೂರಿ ಕೂತರೆ ಕಾಲಿಡಲು ಜಾಗವಿಲ್ಲದಷ್ಟು ಜೀವ.

ನಮ್ಮ ಸರ್ಕಾರಿ ಲೆಕ್ಕಗಳಲ್ಲಿ ಇಂಥ ಕುರುಚಲು ನೆಲಕ್ಕೆ ಬಹುಕಾಲದಿಂದ ಇರುವ ಹೆಸರು ‘ಬಂಜರು’. ಇಡೀ ದೇಶದ ಬಂಜರು ಭೂಮಿಯ ನಕ್ಷೆಗಳನ್ನೇ ಪುಸ್ತಕ ಮಾಡಿ ಪ್ರಕಟಿಸಿದ್ದಾರೆ, ಕುರುಚಲು ನೆಲಕ್ಕೂ ಅದರಲ್ಲಿ ಜಾಗವಿದೆ. ಬಂಜರು ಎಂದು ಒಮ್ಮೆ ಬರೆದ ಮೇಲೆ ಅಲ್ಲಿ ಏನು ಮಾಡಿದರೂ ಉದ್ಧಾರವೇ ಎಂದಾಗುತ್ತದೆ. ಕಲ್ಲು ಒಡೆದರೂ ಉದ್ಧಾರ, ನೀಲಗಿರಿ ನೆಟ್ಟರೂ ಉದ್ಧಾರ.

ಈ ಬಂಡೆಗಳು ಎಷ್ಟು ಹಳೆಯವು?

ಈ ಸೀಮೆಯ ಬಹುಪಾಲು ನೆಲದಡಿ ಇರುವುದು ಗ್ನೈಸ್ ಎಂಬ ಶಿಲೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಹೋಲಿಕೆಗೆ, ನಮ್ಮ ಚಾಮುಂಡಿ ಬೆಟ್ಟದ ಗ್ರಾನೈಟ್ ಸುಮಾರು 80 ಕೋಟಿ ವರ್ಷದ್ದು, ಅಂದರೆ ಇದರ ಮುಂದೆ ಅದು ನಿನ್ನೆ ಮೊನ್ನೆ ಹುಟ್ಟಿದ ಕೂಸು. ಮೈಸೂರಿನವರಿಗೆ ಈ ಮಾತು ಹೇಳುವಾಗ ಸ್ವಲ್ಪ ಮುಜುಗರವಾಗುತ್ತದೆ, ಆದರೂ ಹೇಳುತ್ತೇನೆ.

ನಾಮದ ಮಣ್ಣು ಇಲ್ಲಿಯದೇ?

ಇಲ್ಲಿಯದೇ. ಶ್ರೀವೈಷ್ಣವರು ಹಣೆಗೆ ಇಡುವ ಬಿಳಿ ನಾಮಕ್ಕೆ ಮೇಲುಕೋಟೆಯ ಬಿಳಿ ಜೇಡಿ ಶ್ರೇಷ್ಠ ಎಂಬ ನಂಬಿಕೆ ಹಳೆಯದು. ಗರುಡ ಇದನ್ನು ಶ್ವೇತದ್ವೀಪದಿಂದ ತಂದ ಎಂದು ಸ್ಥಳಪುರಾಣ. ಇದರ ಕುರುಹು ರಾಮಾನುಜಾಚಾರ್ಯರಿಗೆ ಕನಸಿನಲ್ಲಿ ಸಿಕ್ಕಿತು ಎಂದು ಸಂಪ್ರದಾಯ. ಭೂವಿಜ್ಞಾನದವರನ್ನು ಕೇಳಿದರೆ ಇಂಥ ಜೇಡಿ ಸಾಮಾನ್ಯವಾಗಿ ಬಂಡೆಯಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಮಳೆನೀರಿಗೆ ನಿಧಾನವಾಗಿ ಕೊಳೆತು ಆಗುವ ಪದಾರ್ಥ ಎನ್ನುತ್ತಾರೆ. ಗರುಡನಿಗಿಂತ ಮಳೆ ಹೆಚ್ಚು ಸಮಯ ತೆಗೆದುಕೊಂಡಿದೆ. ಅಂಗಡಿಯಲ್ಲಿ ಕೊಂಡ ಉಂಡೆಯನ್ನು ಬೆರಳಿನಿಂದ ಉಜ್ಜಿ ನೋಡಿ: ಮರಳಿನ ಕಣವೊಂದೂ ಸಿಗುವುದಿಲ್ಲ, ಬೆಣ್ಣೆಯ ಹಾಗೆ ಜಾರುತ್ತದೆ.

ನಿಜ ಹೇಳಿ, ಈಗಲೂ ತೋಳ ಇದೆಯೇ?

ನೀವು ಒಂದು ದಿನ ಬಂದು ನೋಡಿ ಹೋಗುವಷ್ಟು ಸಲೀಸಾಗಿ ಇಲ್ಲ. ನಾನು ಇಷ್ಟು ವರ್ಷಗಳಲ್ಲಿ ಖಚಿತವಾಗಿ ತೋಳ ಎನ್ನಬಹುದಾದದ್ದನ್ನು ಕಂಡಿರುವುದು ಒಂದೇ ಸಲ. ಸಂಜೆ, ನಾರಾಯಣದುರ್ಗದ ಕಡೆಯ ಒಂದು ಬಯಲಿನಲ್ಲಿ. ಮೊದಲು ನಾಯಿ ಎಂದುಕೊಂಡೆ. ಆದರೆ ನಾಯಿಯಾದರೆ ಮನುಷ್ಯನನ್ನು ಕಂಡ ಕೂಡಲೇ ಏನಾದರೊಂದು ಮಾಡುತ್ತದೆ: ಬಾಲ ಅಲ್ಲಾಡಿಸುತ್ತದೆ, ಬೊಗಳುತ್ತದೆ, ಇಲ್ಲವೇ ಓಡುತ್ತದೆ. ಇದು ಏನನ್ನೂ ಮಾಡಲಿಲ್ಲ. ಉದ್ದ ಕಾಲುಗಳ ಮೇಲೆ ನಿಂತು, ಬಾಲವನ್ನು ಇಳಿಬಿಟ್ಟು, ಹಳದಿ ಕಣ್ಣಿನಿಂದ ನನ್ನನ್ನು ಅಳೆಯಿತು. ನಾನು ಲೆಕ್ಕಕ್ಕಿಲ್ಲ ಎಂದು ತೀರ್ಮಾನವಾದ ಮೇಲೆ, ಓಡದೆ, ಒಂದೇ ಹದದ ಕುಕ್ಕುನಡಿಗೆಯಲ್ಲಿ ಗೆರೆ ಎಳೆದಂತೆ ನೇರ ಹೋಗಿ ತಂಗಡಿ ಪೊದೆಗಳ ಹಿಂದೆ ಇಲ್ಲವಾಯಿತು. ಎಲ್ಲ ಸೇರಿ ಅರ್ಧ ನಿಮಿಷ. ಫೋಟೊ ಇಲ್ಲ. ಮೊಬೈಲ್ ಚೀಲದೊಳಗಿತ್ತು.

ಇದು ಹಿಮದ ನಾಡಿನ ಚಿತ್ರಗಳಲ್ಲಿ ಕಾಣುವ ದಪ್ಪ ತುಪ್ಪಳದ ತೋಳವಲ್ಲ. ನಮ್ಮ ಬಯಲುಸೀಮೆಯ ತೋಳ ಸಣಕಲು, ಕಂದು ಮಿಶ್ರಿತ ಬೂದು ಬಣ್ಣ, ತೂಕ ಇಪ್ಪತ್ತು ಕಿಲೋ ಆಸುಪಾಸು. ಪ್ರಪಂಚದ ತೋಳಗಳ ವಂಶಗಳಲ್ಲಿ ಬಹಳ ಹಳೆಯ ಕವಲುಗಳಲ್ಲಿ ಒಂದು ಇದು. ದೇಶದಲ್ಲಿ ಒಟ್ಟು ಎರಡು–ಮೂರು ಸಾವಿರ ಇರಬಹುದೆಂದು ತಜ್ಞರ ಅಂದಾಜು; ಹುಲಿಗೆ ಸಿಗುವ ಪ್ರಚಾರದ ನೂರನೇ ಒಂದು ಪಾಲು ಇದಕ್ಕೆ ಸಿಗುವುದಿಲ್ಲ. ಕಾನೂನಿನ ಕಾವಲು ಮಾತ್ರ ಎರಡಕ್ಕೂ ಒಂದೇ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿ. ಚಳಿಗಾಲದಲ್ಲಿ, ಹೆಚ್ಚಾಗಿ ಡಿಸೆಂಬರ್–ಜನವರಿ ಹೊತ್ತಿಗೆ, ಬಿಲಗಳಲ್ಲಿ ಮರಿ ಹಾಕುತ್ತದೆ. ಆಗ ಬಂಡೆಯ ಬುಡದಲ್ಲಿ ಗುಹೆಯಂಥದ್ದು ಕಂಡರೆ ಬಗ್ಗಿ ನೋಡುವ ಉತ್ಸಾಹ ಬೇಡ.

ತೋಳ ಈಗ ಹೆಚ್ಚು ನಿಶ್ಚಿತವಾಗಿ ಕಾಣಬೇಕೆಂದರೆ ಉತ್ತರಕ್ಕೆ, ಕೊಪ್ಪಳ ಜಿಲ್ಲೆಯ ಬಂಕಾಪುರದ ಕಡೆಗೆ ಹೋಗಬೇಕು. ನಮ್ಮ ಕಡೆ ಅದು ಹೆಸರಾಗಿ ಹೆಚ್ಚು, ಹೆಜ್ಜೆಯಾಗಿ ಕಡಿಮೆ ಉಳಿದಿದೆ.

ಕುರಿಗಾಹಿಗಳಿಗೆ ತೋಳ ಶತ್ರುವಲ್ಲವೇ?

ಹೌದು, ಮತ್ತು ಅಲ್ಲ. ಜಿಂಕೆ ಜಾತಿಗಳು ಇಲ್ಲವೆಂಬಷ್ಟು ಕಡಿಮೆಯಾದ ಮೇಲೆ ತೋಳಕ್ಕೆ ಉಳಿದಿರುವುದು ಮೊಲ, ಇಲಿ, ಮತ್ತು ನಮ್ಮ ಕುರಿ–ಮೇಕೆ. ಒಂದು ಕುರಿ ಹೋಯಿತೆಂದರೆ ಅದು ಒಬ್ಬನ ಮನೆಯ ಎಷ್ಟೋ ದಿನದ ದುಡಿಮೆ. ಅದೂ ಇದು ಬನ್ನೂರು ಅಥವಾ ಬಂಡೂರು ಕುರಿಯ ಜಿಲ್ಲೆ. ಮಳವಳ್ಳಿ ತಾಲ್ಲೂಕಿನ ಬಂಡೂರಿನಿಂದ ಹೆಸರಾದ ಆ ಗಿಡ್ಡ, ದುಂಡು ತಳಿಗೆ ಬೆಲೆ ಎಷ್ಟೆಂದು ಮಾಂಸ ಕೊಳ್ಳುವವರಿಗೆ ಗೊತ್ತು. ‘ತೋಳ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಆದರೆ ಹಳೆಯ ಕುರಿಗಾಹಿಗಳ ಮಾತಿನಲ್ಲಿ ತೋಳದ ಬಗ್ಗೆ ಒಂದು ಬಗೆಯ ಮರ್ಯಾದೆಯೂ ಇದೆ. ರೊಪ್ಪದ ಬಳಿ ಕಂಬಳಿ ಹೊದ್ದು ಕೂತಿದ್ದ ಒಬ್ಬ ಅಜ್ಜ ನನಗೆ ಹೇಳಿದ್ದು: ಒಂದು ತೋಳ ಈಚೆಯಿಂದ ಮುಖ ತೋರಿಸಿ ನಾಯಿಯನ್ನು ಎಳೆದುಕೊಂಡು ಹೋಗುತ್ತದೆ, ಇನ್ನೊಂದು ಆಚೆಯಿಂದ ಮರಿ ಎತ್ತುತ್ತದೆ, ‘ಅದಕ್ಕೂ ಹೊಟ್ಟೆ ಇದೆ, ನಮ್ಮ ಎಚ್ಚರಿಕೆ ನಮಗಿರಬೇಕು.’ ತೋಳ ಹೋದರೆ ನೆಮ್ಮದಿಯಲ್ಲವೇ ಎಂದೆ. ಅವನು ನಕ್ಕು, ತೋಳ ಇದ್ದಾಗ ಈ ಗೋಮಾಳ ಗೋಮಾಳವಾಗಿತ್ತು ಎಂದ. ಮೊದಲು ನನಗೆ ಅರ್ಥವಾಗಲಿಲ್ಲ. ತೋಳಕ್ಕೂ ಕುರಿಗೂ ಬೇಕಾದ್ದು ಒಂದೇ: ಬೇಲಿ ಇಲ್ಲದ, ಹುಲ್ಲಿರುವ, ದೂರದವರೆಗೆ ಕಣ್ಣು ಹಾಯುವ ನೆಲ. ಅದು ಹೋದರೆ ಇಬ್ಬರಿಗೂ ಜಾಗವಿಲ್ಲ.

ಚಿರತೆ?

ಇದೆ. ತೋಳದ ಕಥೆಗೆ ಪೂರ್ತಿ ಉಲ್ಟಾ ಕಥೆ ಅದರದ್ದು. ತೋಳಕ್ಕೆ ಬಯಲು ಬೇಕು. ಚಿರತೆಗೆ ಅಡಗಲು ಒಂದು ಮರೆ ಸಾಕು. ಹಗಲು ಬಂಡೆಯ ಸಂದಿ, ರಾತ್ರಿ ಊರಂಚು, ತಿನ್ನಲು ನಾಯಿ. ಕೆಳಗಿನ ನೀರಾವರಿ ಸೀಮೆಯ ಕಬ್ಬಿನ ಗದ್ದೆಗಳಂತೂ ಅದಕ್ಕೆ ಹೆರಿಗೆ ಮನೆ. ಕಬ್ಬು ಕಡಿಯುವಾಗ ಮರಿಗಳು ಸಿಕ್ಕ ಸುದ್ದಿ ಮಂಡ್ಯದ ಪತ್ರಿಕಾ ಪುಟಗಳಿಗೆ ಹೊಸದಲ್ಲ. ಕತ್ತಲಾದ ಮೇಲೆ ಬೆಟ್ಟದಲ್ಲಿ ಒಬ್ಬರೇ ತಿರುಗಬೇಡಿ, ಮಕ್ಕಳನ್ನು ಮುಂದೆ ಬಿಡಬೇಡಿ. ಹೆಚ್ಚು ಹೇಳುವುದೇನಿಲ್ಲ.

ಹಾಗಾದರೆ ಹೋದವರಿಗೆ ಖಂಡಿತ ಕಾಣುವುದು ಏನು?

ಕೋತಿ. ಅವನ್ನು ನೋಡಲು ನೀವು ಹೋಗಬೇಕಿಲ್ಲ, ಅವೇ ಬರುತ್ತವೆ. ಕಲ್ಯಾಣಿಯ ಮೆಟ್ಟಿಲ ಮೇಲೆ ಬಾಳೆ ಎಲೆ ಬಿಚ್ಚಿದ ಮರುಕ್ಷಣ ನನ್ನ ಪುಳಿಯೋಗರೆ ಕಂಬದ ಮೇಲಿತ್ತು. ಕಡಲೆಬೀಜ ಆರಿಸಿ ತಿಂದು, ಉಳಿದದ್ದನ್ನು ನನ್ನ ಮೇಲೇ ಉದುರಿಸಿತು.

ನವಿಲಿನ ಕೂಗು ಎಲ್ಲ ದಿಕ್ಕಿನಿಂದಲೂ. ಹುಲ್ಲಿನಿಂದ ಭರ್ರನೆ ಏಳುವ ಗೌಜಲಕ್ಕಿ, ನಿಮ್ಮ ಬರವನ್ನು ಇಡೀ ಬೆಟ್ಟಕ್ಕೆ ಸಾರುವ ಟಿಟ್ಟಿಭ, ಪಿಕಳಾರಗಳು, ಮುಸ್ಸಂಜೆ ದಾರಿಯ ಮೇಲೇ ಕೂತು ಹೆಜ್ಜೆ ಹತ್ತಿರವಾಗುವವರೆಗೂ ಕಲ್ಲಿನಂತಿರುವ ನತ್ತಿಂಗ. ಬಂಡೆಗಳ ಮೇಲಿನ ಕೊಂಬಿನ ಗೂಬೆಯನ್ನು ನೋಡುವುದಕ್ಕಿಂತ ಮೊದಲು ಕೇಳುತ್ತೀರಿ.

ಆದರೆ ನನ್ನನ್ನು ಕೇಳಿದರೆ ಇಲ್ಲಿಯ ಅಸಲಿ ಯಜಮಾನ ಬಂಡೆ ಓತಿ. ವರ್ಷದ ಬಹುಕಾಲ ಬಂಡೆಯ ಬಣ್ಣದಲ್ಲೇ ಇರುವ ಈ ಪ್ರಾಣಿ ಬೇಸಿಗೆ ಮಳೆ ಬೀಳುತ್ತಿದ್ದಂತೆ ಮದುವಣಿಗನಾಗುತ್ತದೆ. ಗಂಡಿನ ತಲೆಯಿಂದ ಬೆನ್ನಿನವರೆಗೆ ಕುಂಕುಮ ಸುರಿದಂಥ ಕೆಂಪು, ಅದರ ಕೆಳಗೆ ಕಾಲು, ಹೊಟ್ಟೆ ಎಲ್ಲ ಕಾಡಿಗೆ ಕಪ್ಪು. ಒಂದು ಏಪ್ರಿಲ್ ಬೆಳಗ್ಗೆ ಒಂದೇ ಬಂಡೆಯ ಮುಂದೆ ಮುಕ್ಕಾಲು ಗಂಟೆ ಕೂತಿದ್ದೆ. ಗಂಡು ಬಂಡೆಯ ತುದಿಯಲ್ಲಿ ನಿಂತು ದಂಡ ಹೊಡೆಯುತ್ತಿತ್ತು, ಗರಡಿಯ ಹುಡುಗರ ಹಾಗೆ, ಎರಡು, ಮೂರು, ನಿಲುಗಡೆ, ಮತ್ತೆ ಎರಡು. ನಾಲ್ಕು ಮಾರು ಕೆಳಗಿನ ಬಂಡೆಯಲ್ಲಿ ಇನ್ನೊಂದು ಕೆಂಪು ತಲೆ ಮೇಲೆದ್ದಿತು. ಇಬ್ಬರೂ ತಲೆ ಕುಣಿಸಿದರು. ಕೆಳಗಿನವನ ಕೆಂಪು ನೋಡುತ್ತಾ ನೋಡುತ್ತಾ ಮಾಸಿ ಕಂದಾಯಿತು. ಸೋಲೊಪ್ಪಿಕೊಂಡು ಸಂದಿಗೆ ಸರಿಯಿತು. ಹೆಣ್ಣು ಪಕ್ಕದಲ್ಲೇ ಇತ್ತು, ಇಡೀ ಹೊತ್ತು ಇರುವೆ ತಿನ್ನುತ್ತಿತ್ತು.

ರಣಹದ್ದುಗಳು ಇದ್ದವೆಂದು ಹಿರಿಯರು ಹೇಳುತ್ತಾರೆ.

ಹಳ್ಳಿಯ ಹೊರಗೆ ಸತ್ತ ದನವನ್ನು ಎಳೆದು ಹಾಕಿದರೆ ಮಧ್ಯಾಹ್ನದೊಳಗೆ ಮೂಳೆ ಮಾತ್ರ ಉಳಿಯುತ್ತಿದ್ದ ಕಾಲವನ್ನು ಅರವತ್ತು ದಾಟಿದವರು ಕಂಡಿದ್ದಾರೆ. ಆಮೇಲೆ ದೇಶದುದ್ದಕ್ಕೂ ರಣಹದ್ದುಗಳು ಸತ್ತವು. ಮುಖ್ಯ ಕಾರಣ ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ. ಆ ಔಷಧವಿರುವ ಹೆಣ ತಿಂದ ಹಕ್ಕಿಯ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. 2006ರಲ್ಲಿ ಜಾನುವಾರುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು. ಅಷ್ಟರಲ್ಲಿ ಬಹುತೇಕ ಮುಗಿದಿತ್ತು. ನಮ್ಮ ಸುತ್ತಿನಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳಿಗಾಗಿಯೇ ಧಾಮ ಮಾಡಿದ್ದಾರೆ. ಮೇಲುಕೋಟೆಯ ಬಂಡೆಗಳು ಬಿಳಿ ರಣಹದ್ದಿಗೆ ನೆಲೆ: ಕೊಳಕು ಬಿಳಿ ಮೈ, ಬೋಳು ಹಳದಿ ಮುಖ, ಬೆಣೆಯಾಕಾರದ ಬಾಲ. ಆಕಾಶದಲ್ಲಿ ದೊಡ್ಡ ಹಕ್ಕಿ ಸುತ್ತುತ್ತಿದ್ದರೆ ಗರುಡ ಎಂದು ಕೈಮುಗಿದು ಸುಮ್ಮನಾಗದೆ ಬಾಲವನ್ನೊಮ್ಮೆ ನೋಡಿ.

ಇಲ್ಲಿ ಯಾವುದೋ ಅಪರೂಪದ ಗಿಡ ಇದೆಯಂತೆ?

ಸೈಕಸ್. ನೋಡಲು ಗಿಡ್ಡ ಈಚಲಿನಂತೆ, ಆದರೆ ಈಚಲಿಗೂ ಇದಕ್ಕೂ ಸಂಬಂಧವಿಲ್ಲ. ಹೂಬಿಡುವ ಗಿಡಗಳು ಭೂಮಿಗೆ ಬರುವ ಮೊದಲೇ ಇದ್ದ ವಂಶ. ಹೂವಿಲ್ಲ, ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬೆಳವಣಿಗೆ ಆಮೆಗಿಂತ ನಿಧಾನ. ಬೀಜ ವಿಷ, ಮಕ್ಕಳ ಕೈಗೆ ಕೊಡಬೇಡಿ. ಮದುವೆ ಮಂಟಪದ ಅಲಂಕಾರಕ್ಕೆ ಇದರ ಗರಿ ಚೆನ್ನಾಗಿ ಕಾಣುತ್ತದೆ ಎಂಬುದು ಇದರ ದುರದೃಷ್ಟ.

ಇಷ್ಟು ಒಣ ಬೆಟ್ಟದ ಮೇಲೆ ಊರು ಹೇಗೆ ಬದುಕಿತು?

ಕೊಳಗಳಿಂದ. ಮೇಲುಕೋಟೆಗೆ ನೂರೆಂಟು ಕೊಳ ಎಂದು ಹೇಳುವ ರೂಢಿ. ಎಣಿಸಲು ಹೊರಟವರು ಮಧ್ಯದಲ್ಲೇ ಊಟಕ್ಕೆ ಹೋಗುತ್ತಾರೆ. ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಜಾರುತ್ತದೆ. ಜಾರುವ ನೀರಿಗೆ ಎಲ್ಲಿ ತಡೆ ಕಟ್ಟಬೇಕೆಂದು ತಿಳಿದವನಿಗೆ ಬಂಡೆಯೇ ಭಾಗ್ಯ. ಬೆಟ್ಟದ ಮೇಲೆ ನೈಸರ್ಗಿಕ ದೊಣೆಗಳು, ಕೆಳಗೆ ಮೆಟ್ಟಿಲು ಕಟ್ಟಿದ ಕಲ್ಯಾಣಿ, ಇನ್ನೊಂದು ಕಡೆ ಅಕ್ಕ–ತಂಗಿ ಕೊಳ. ಆ ಜೋಡಿಯಲ್ಲಿ ಒಂದರ ನೀರು ಕುಡಿಯಲು, ಇನ್ನೊಂದರದ್ದು ತೊಳೆಯಲು. ಒಬ್ಬಳು ಮನಸ್ಸಿಟ್ಟು ಕಟ್ಟಿಸಿದಳು, ಇನ್ನೊಬ್ಬಳು ಕಾಟಾಚಾರಕ್ಕೆ ಎಂದು ಊರಿನವರು ಹೇಳುವ ಕಥೆ. ಅಕ್ಕ ಯಾವುದು, ತಂಗಿ ಯಾವುದು ಎಂದು ಕೇಳಿದರೆ ಇಬ್ಬರು ಎರಡು ಉತ್ತರ ಕೊಡುತ್ತಾರೆ.

ಬೆಟ್ಟಸಾಲಿನ ತಪ್ಪಲಿಗೆ ಬಂದರೆ ತೊಣ್ಣೂರು ಕೆರೆ. ಎರಡು ಗುಡ್ಡಗಳ ನಡುವೆ ಒಂದು ಏರಿ, ಹಿಂದೆ ತಿಳಿನೀಲಿ ನೀರು. ತಿರುಮಲಸಾಗರ ಎಂದು ಇದಕ್ಕೆ ಹೆಸರಿಟ್ಟವರು ರಾಮಾನುಜಾಚಾರ್ಯರು ಎಂದು ಪ್ರತೀತಿ. 18ನೆಯ ಶತಮಾನದಲ್ಲಿ ನಿಜಾಮನ ಮಗ ನಾಸಿರ್ ಜಂಗ್ ಈ ನೀರಿನ ತಿಳಿ ನೋಡಿ ಮೋತಿ ತಲಾಬ್ ಎಂದನಂತೆ.

ರಾಮಾನುಜರು ಈ ಕಲ್ಲುಬೆಟ್ಟವನ್ನೇ ಏಕೆ ಆರಿಸಿಕೊಂಡರು?

ಚೋಳ ದೇಶದಲ್ಲಿ ಕಿರುಕುಳ ತಾಳಲಾರದೆ ಅವರು ಹೊಯ್ಸಳ ನಾಡಿಗೆ ಬಂದದ್ದು 12ನೆಯ ಶತಮಾನದಲ್ಲಿ. ಆಗ ಆಳುತ್ತಿದ್ದವನು ಬಿಟ್ಟಿದೇವ, ಮುಂದೆ ವಿಷ್ಣುವರ್ಧನ ಎಂದು ಹೆಸರಾದವನು. ಮೊದಲು ತೊಣ್ಣೂರು, ಅಲ್ಲಿಂದ ಮೇಲಕ್ಕೆ. ಆಗ ಇದು ಕಾಡು ಬೆಳೆದ ಜಾಗ, ಹುತ್ತದೊಳಗೆ ತಿರುನಾರಾಯಣನ ವಿಗ್ರಹ ಸಿಕ್ಕಿತು ಎಂಬುದು ಸಂಪ್ರದಾಯದ ಕಥನ. ದೆಹಲಿಯಿಂದ ಉತ್ಸವಮೂರ್ತಿ ಚೆಲುವಪಿಳ್ಳೆಯನ್ನು ತಂದ ಕಥೆ, ಅವನ ಹಿಂದೆಯೇ ಬಂದ ಸುಲ್ತಾನನ ಮಗಳು ಬೀಬಿ ನಾಚ್ಚಿಯಾರಳ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಹೇಳದಿರುವ ಮಾತೊಂದಿದೆ: ಈ ಕೆಲಸದಲ್ಲಿ ನೆರವಾದ, ಊರಾಚೆ ಇಟ್ಟಿದ್ದ ಜನರನ್ನು ಅವರು ತಿರುಕುಲದವರು ಎಂದು ಕರೆದು, ವರ್ಷದ ಕೆಲವು ದಿನ ದೇವಾಲಯ ಪ್ರವೇಶದ ಹಕ್ಕು ಕೊಟ್ಟರು. ಕಾಡಿನ ದಾರಿ ಗೊತ್ತಿದ್ದವರು ಅವರೇ ಆಗಿದ್ದಿರಬೇಕು ಎಂಬುದು ನನ್ನ ಊಹೆ.

ಆಮೇಲಿನದ್ದು ಚುಟುಕಾಗಿ: 15ನೆಯ ಶತಮಾನದಲ್ಲಿ ನಾಗಮಂಗಲದ ತಿಮ್ಮಣ್ಣ ದಣ್ಣಾಯಕ ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸಿದ, 1610ರಲ್ಲಿ ಶ್ರೀರಂಗಪಟ್ಟಣ ಗೆದ್ದ ರಾಜ ಒಡೆಯರು ರಾಜಮುಡಿ ಕಿರೀಟ ಒಪ್ಪಿಸಿದರು. ಕವಿ ಪು.ತಿ. ನರಸಿಂಹಾಚಾರ್ 1905ರಲ್ಲಿ ಹುಟ್ಟಿದ್ದು ಇದೇ ಬೆಟ್ಟದ ಮೇಲೆ.

ಇಲ್ಲಿ ಯುದ್ಧ ನಡೆದಿತ್ತೇ?

1771ರ ಮಾರ್ಚಿನಲ್ಲಿ. ತ್ರ್ಯಂಬಕರಾಯನ ನಾಯಕತ್ವದ ಮರಾಠಾ ಸೈನ್ಯದಿಂದ ತಪ್ಪಿಸಿಕೊಳ್ಳುತ್ತಾ ಹೈದರಾಲಿ ಮೇಲುಕೋಟೆಯ ಬೆಟ್ಟಗಳ ಮರೆಗೆ ಬಂದು ಬೀಡುಬಿಟ್ಟ. ಬೆಟ್ಟಗಳು ಕುದುರೆ ಲಾಳದಂತೆ ಸುತ್ತುವರಿದ ಜಾಗ. ರಕ್ಷಣೆ ಸರಿ, ಆದರೆ ಹೊರಬರುವ ದಾರಿಯೂ ಕಡಿಮೆ. ದಿನಗಟ್ಟಲೆ ಫಿರಂಗಿ ಏಟು ತಿಂದು, ಕಡೆಗೊಂದು ರಾತ್ರಿ ಸದ್ದಿಲ್ಲದೆ ಶ್ರೀರಂಗಪಟ್ಟಣದ ಕಡೆ ಜಾರಿಕೊಳ್ಳಲು ಹೊರಟ. ಕತ್ತಲಲ್ಲಿ ಯಾರದೋ ಒಂದು ಗುಂಡು ಹಾರಿ ಗುಟ್ಟು ರಟ್ಟಾಯಿತು. ಬೆಳಗಾಗುವ ಹೊತ್ತಿಗೆ ಚಿನಕುರಳಿ, ತೊಣ್ಣೂರು ಕೆರೆಯ ಸುತ್ತ ಮೈಸೂರು ಸೈನ್ಯ ಚೆಲ್ಲಾಪಿಲ್ಲಿ. ಹೈದರ್ ಕುದುರೆ ಏರಿ ಪಾರಾದ, ಟಿಪ್ಪು ಭಿಕ್ಷುಕನ ವೇಷದಲ್ಲಿ ಆಮೇಲೆ ಬಂದು ಸೇರಿದ.

ಗೆದ್ದವರು ಮಾಡಿದ್ದನ್ನು ಹೇಳದೆ ಬಿಟ್ಟರೆ ಕಥೆ ಅರ್ಧ. ಅವರು ಮೇಲುಕೋಟೆಯನ್ನು ಲೂಟಿ ಮಾಡಿದರು. ದೇವರ ಮರದ ರಥಗಳಿಗೆ ಬೆಂಕಿ ಹಚ್ಚಿದರು. ಕಾರಣ, ಸುಟ್ಟ ಮೇಲೆ ಉಳಿಯುವ ಕಬ್ಬಿಣದ ಪಟ್ಟಿಗಳು. ಬೆಂಕಿ ಗುಡಿಗಳಿಗೂ ಹಬ್ಬಿತು.

ಆ ಕಾಲದ ಇನ್ನೊಂದು ಗುರುತು: ಪಾಂಡವಪುರವನ್ನು ಹಳಬರು ಈಗಲೂ ಫ್ರೆಂಚ್ ರಾಕ್ಸ್ ಎನ್ನುವುದುಂಟು. ಹೈದರ್, ಟಿಪ್ಪು ಕಾಲದಲ್ಲಿ ಅವರ ಕಡೆಯ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಜಾಗ. ಅದಕ್ಕೂ ಹಿಂದಿನ ಹೆಸರು ಹಿರೋಡೆ. 1799ರಲ್ಲಿ ಟಿಪ್ಪು ಸತ್ತ ಮರುವರ್ಷವೇ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಈ ಸೀಮೆಯ ಮಣ್ಣು, ಬೆಳೆ, ಜನರನ್ನು ಬರೆದುಕೊಳ್ಳುತ್ತಾ ತೊಣ್ಣೂರು, ಮೇಲುಕೋಟೆಗಳ ಮೂಲಕ ಹಾದುಹೋದ.

ನಮ್ಮ ಕಚೇರಿಯಿಂದ ಇನ್ನೂರು ಸಸಿ ನೆಡಬೇಕೆಂದಿದ್ದೇವೆ. ಬೆಟ್ಟದ ಮೇಲೆ ನೆಡಬಹುದೇ?

ದಯವಿಟ್ಟು ಬೇಡ. ಸಿಟ್ಟಾಗಬೇಡಿ, ನಿಮ್ಮ ಉದ್ದೇಶದ ಬಗ್ಗೆ ಅನುಮಾನವಿಲ್ಲ.

ಕೆಲವು ವರ್ಷಗಳ ಹಿಂದೆ ಬೆಟ್ಟದ ತಪ್ಪಲಲ್ಲಿ ಒಂದು ಗುಂಪು ಬ್ಯಾನರ್ ಕಟ್ಟಿ, ಟೋಪಿ ಹಂಚಿ, ಹುಲ್ಲು ನೆಲವನ್ನು ಯಂತ್ರದಿಂದ ಬಗೆದು ಸಾಲು ಗುಂಡಿ ತೋಡಿತು. ಫೋಟೊ ತೆಗೆದಾಯಿತು. ಬೇಸಿಗೆಯಲ್ಲಿ ನೀರು ಹಾಕಲು ಯಾರೂ ಬರಲಿಲ್ಲ; ಸಸಿಗಳು ಒಣಗಿದವು. ಗುಂಡಿಯಿಂದ ಎತ್ತಿಹಾಕಿದ್ದ ಮಣ್ಣಿನ ಮೇಲೆ ಲಂಟಾನ ಬಂತು. ಮೊದಲಿದ್ದ ಹುಲ್ಲು ಮಾತ್ರ ಹಿಂದಿರುಗಿಲ್ಲ. ನಾನು ಲಾವಕ್ಕಿ ಮರಿಗಳನ್ನು ನೋಡುತ್ತಿದ್ದ ಜಾಗ ಅದು.

ಸಸಿ ಬದುಕಿದ್ದರೂ ಖುಷಿಪಡಲು ಕಾರಣವಿರಲಿಲ್ಲ. ಹುಲ್ಲುಗಾವಲಿಗೆ ನೆರಳು ಬಿದ್ದರೆ ಹುಲ್ಲು ಹೋಗುತ್ತದೆ, ಹುಲ್ಲಿನ ಹಿಂದೆ ಮೊಲ, ಮೊಲದ ಹಿಂದೆ ತೋಳ. ಮರ ಹೆಚ್ಚಾದಷ್ಟೂ ಕಾಡು ಹೆಚ್ಚಾಯಿತು ಎಂಬ ಲೆಕ್ಕ ಮಲೆನಾಡಿನದ್ದು, ಇಲ್ಲಿ ಅದು ನಡೆಯುವುದಿಲ್ಲ. ನೆಡಲೇಬೇಕೆಂದರೆ ನಿಮ್ಮ ಬಡಾವಣೆಯ ರಸ್ತೆ ಬದಿಯಲ್ಲಿ ಹೊಂಗೆ, ಬೇವು ನೆಡಿ. ಅಲ್ಲಿ ನೆರಳು ಬೇಕಾದವರಿದ್ದಾರೆ. ಬೆಟ್ಟಕ್ಕೇ ಏನಾದರೂ ಮಾಡಬೇಕೆಂದರೆ ಒಂದು ಭಾನುವಾರ ಬಂದು ವೈರಮುಡಿ ಉತ್ಸವದ ಮರುದಿನದ ಪ್ಲಾಸ್ಟಿಕ್ ಹೆಕ್ಕಿ. ಆ ಫೋಟೊ ಅಷ್ಟು ಚೆನ್ನಾಗಿ ಬರುವುದಿಲ್ಲ, ಗೊತ್ತು.

ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬೀಳುತ್ತದಲ್ಲ, ಯಾರು ಹಚ್ಚುತ್ತಾರೆ?

ತಾನಾಗಿ ಹತ್ತುವುದು ಇಲ್ಲವೇ ಇಲ್ಲ ಎನ್ನಬಹುದು. ಹೊಸ ಹುಲ್ಲು ಚಿಗುರಲಿ ಎಂದು ಹಚ್ಚುವವರಿದ್ದಾರೆ, ಬೀಡಿ ಎಸೆಯುವವರಿದ್ದಾರೆ, ಸುಮ್ಮನೆ ತಮಾಷೆಗೆ ಹಚ್ಚುವವರೂ ಇದ್ದಾರೆ. ಹೊಗೆ ಕಂಡರೆ ವಿಡಿಯೊ ಮಾಡುವುದಕ್ಕೆ ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿ.

ಕಲ್ಲು ಗಣಿಗಾರಿಕೆಯ ಭಯ ಇದೆಯೇ?

ಪಾಂಡವಪುರ ತಾಲ್ಲೂಕಿನಲ್ಲಿ ಆ ಮಾತು ಬಂದರೆ ಬೇಬಿ ಬೆಟ್ಟದ ಹೆಸರು ಬರುತ್ತದೆ. ಅದು ಅಮೃತ ಮಹಲ್ ಕಾವಲಿನ ನೆಲ. ಅರಮನೆಯ ರಾಸುಗಳನ್ನು ನೋಡಿಕೊಳ್ಳುತ್ತಿದ್ದ ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಆಯಿತು. ಆ ರಾಸುಗಳ ಮೇವಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಅಂದರೆ ಒಂದು ಕಾಲಕ್ಕೆ ಅರಸರೇ ಹುಲ್ಲನ್ನು ಆಸ್ತಿ ಎಂದು ಬರೆಸಿಟ್ಟಿದ್ದರು. ಅಲ್ಲಿನ ಸ್ಫೋಟಗಳಿಂದ ಕನ್ನಂಬಾಡಿ ಕಟ್ಟೆಗೆ ಅಪಾಯ ಎಂಬ ವಾದ ಹೈಕೋರ್ಟಿನವರೆಗೆ ಹೋಗಿ, 2024ರಲ್ಲಿ ಅಣೆಕಟ್ಟಿನ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ಬಿತ್ತು. ಹುಲ್ಲಿಗಾಗಿ ಯಾರೂ ನ್ಯಾಯಾಲಯಕ್ಕೆ ಹೋಗಿರಲಿಲ್ಲ. ಅಣೆಕಟ್ಟಿನ ಪುಣ್ಯದಿಂದ ಅದಕ್ಕೂ ಸ್ವಲ್ಪ ಉಸಿರು ಸಿಕ್ಕಿತು.

ಯಾವಾಗ ಹೋಗಬೇಕು? ಹೇಗೆ?

ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ಮಾರ್ಗವಾಗಿ ಸುಮಾರು 50 ಕಿಲೋಮೀಟರ್. ಬಸ್ಸುಗಳಿವೆ. ಹಸಿರು ಬೇಕೆಂದರೆ ಸೆಪ್ಟೆಂಬರಿನಿಂದ ನವೆಂಬರ್, ಓತಿಗಳ ಮದುವೆ ನೋಡಬೇಕೆಂದರೆ ಏಪ್ರಿಲ್–ಮೇ ತಿಂಗಳ ಮಳೆಯ ಮರುದಿನ. ವೈರಮುಡಿ ಉತ್ಸವಕ್ಕೆ ಬನ್ನಿ, ಅದು ಬೇರೆಯದೇ ಅನುಭವ: ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಬರುವ ಕಿರೀಟ, ರಾತ್ರಿಯಿಡೀ ಜನಸಾಗರ. ಆದರೆ ಆ ದಿನ ಪ್ರಾಣಿ ನೋಡುವ ಆಸೆ ಬೇಡ, ಅವು ಬುದ್ಧಿವಂತಿಕೆಯಿಂದ ಊರು ಬಿಟ್ಟಿರುತ್ತವೆ.

ಅಭಯಾರಣ್ಯದ ಒಳಗೆ ತಿರುಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ದಪ್ಪ ಬಟ್ಟೆಯ ಪ್ಯಾಂಟು, ಕಾಲು ಮುಚ್ಚುವ ಶೂ ಹಾಕಿಕೊಳ್ಳಿ. ಕಾಲುಚೀಲ ಉಣ್ಣೆಯದಾಗಿರಬಾರದು: ಮಳೆಗಾಲ ಮುಗಿದ ಮೇಲೆ ಹುಲ್ಲಿನ ಬೀಜಗಳು ಸೂಜಿಯಂತೆ ನಾಟಿಕೊಂಡು, ನೀವು ನಡೆದಷ್ಟೂ ಒಳಗೆ ತಿರುಪಿಕೊಂಡು ಹೋಗುತ್ತವೆ. ಕಳೆದ ನವೆಂಬರಿನಲ್ಲಿ ಒಂದು ಜೊತೆ ಕಾಲುಚೀಲದಿಂದ ನೂರಾ ಹನ್ನೊಂದು ಬೀಜ ಕಿತ್ತೆ. ಬೇಸರಕ್ಕೆ ಅವನ್ನು ಮನೆಯ ಹಿಂದಿನ ಮಣ್ಣಿನಲ್ಲಿ ಉದುರಿಸಿದ್ದೆ. ಒಂಬತ್ತು ಮೊಳೆತಿವೆ.